ಸ್ಪಿತಿಗೆ ಯಾವ ದಾರಿ?

ಎರಡು ದಾರಿಗಳಿದ್ದಾಗ ಹತ್ತಿರದ್ದನ್ನು ಹಿಡಿಯುವುದು ಬಯಲುಸೀಮೆಯ ವಿವೇಕ. ಘಟ್ಟದ ಊರುಗಳಲ್ಲಿ ಹುಟ್ಟಿ ಬೆಳೆದವರು ಈ ವಿವೇಕವನ್ನು ಅಷ್ಟಾಗಿ ನಂಬುವುದಿಲ್ಲ. ದೂರವೆಷ್ಟೆಂದು ಕೇಳುವ ಮೊದಲು ಏರು ಎಷ್ಟೆಂದು ಕೇಳುತ್ತಾರೆ. ನಮ್ಮ ಕಾಲೇಜಿನಲ್ಲಿ ಓದಿ ಈಗ ಬೇರೆ ಬೇರೆ ಕಡೆ ಕೆಲಸದಲ್ಲಿರುವ ನಾಲ್ವರು, ಭೌತಶಾಸ್ತ್ರದ ನನ್ನ ಕಿರಿಯ ಸಹೋದ್ಯೋಗಿಯೊಬ್ಬರು ಮತ್ತು ನಾನು, ಬರುವ ಸೆಪ್ಟೆಂಬರಿನಲ್ಲಿ ಹಿಮಾಚಲ ಪ್ರದೇಶದ ಸ್ಪಿತಿಗೆ ಸೈಕಲ್ ಯಾತ್ರೆ ಹೊರಡುವವರಿದ್ದೇವೆ. ಡಾಂಬರನ್ನು ಬಿಟ್ಟು ಜಲ್ಲಿಯ ಮೇಲೆ, ಗರಸಿನ ಮೇಲೆ ಸೈಕಲ್ ನಡೆಸುವ ಹವ್ಯಾಸ ಈಗ ನಮ್ಮ ತರುಣರಲ್ಲಿ ಚೆನ್ನಾಗಿ ಬೇರೂರಿದೆ. ಯಾವ ದಾರಿಯಿಂದ ಹೋಗಬೇಕು ಎಂಬ ಬಗ್ಗೆ ಮಾತ್ರ ನಮ್ಮಲ್ಲಿ ಒಮ್ಮತವಿಲ್ಲ. ಈ ಚರ್ಚೆ ಆರು ಜನರಿಗಷ್ಟೇ ಸೇರಿದ್ದಲ್ಲವೆಂದು ತೋರಿದ್ದರಿಂದ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಸ್ಪಿತಿಯ ಮುಖ್ಯ ಊರು ಕಾಜಾ. ಅಲ್ಲಿಗೆ ದಾರಿಗಳು ಎರಡು. ಮನಾಲಿಯಿಂದ ಹೊರಟು, 3,978 ಮೀಟರ್ ಎತ್ತರದ ರೋಹ್ತಾಂಗನ್ನು ದಾಟಿ, ಗ್ರಾಂಫುವಿನ ಬಳಿ ಬಲಕ್ಕೆ ತಿರುಗಿ, ಚಂದ್ರಾ ನದಿಯ ದಂಡೆಗುಂಟ ಛತ್ರು, ಬಾತಲ್‌ಗಳನ್ನು ಹಾಯ್ದು, 4,500 ಮೀಟರಿಗೂ ಮಿಕ್ಕ ಕುಂಜುಂ ಏರಿ ಇಳಿಯುವುದು ಒಂದು. ಇದು ಸುಮಾರು 200 ಕಿಲೋಮೀಟರು. ಐದು ದಿನದ ಮಾತು. ಶಿಮ್ಲಾದಿಂದ ಹೊರಟು, ಸಟ್ಲೆಜ್ ನದಿಯ ಪಾತ್ರಕ್ಕಿಳಿದು, ರಾಮಪುರ, ಕಿನ್ನೌರದ ರೆಕಾಂಗ್ ಪಿಯೊ, ನಾಕೋ, ತಾಬೋಗಳ ಮೇಲೆ ಹೋಗುವುದು ಇನ್ನೊಂದು. ಇದು ಮೊದಲನೆಯದರ ಇಮ್ಮಡಿ ದೂರ. ಒಂಬತ್ತು ದಿನವಾದರೂ ಬೇಕು.

ಇಲ್ಲಿ ನಮ್ಮ ಭಾಷೆಯಿಂದಲೇ ಸ್ವಲ್ಪ ಗೊಂದಲ ಹುಟ್ಟಿತೆಂಬುದನ್ನು ಹೇಳಬೇಕು. ಎರಡು ಬೆಟ್ಟಗಳ ನಡುವಿನ ತಗ್ಗನ್ನೂ ಕಣಿವೆಯೆನ್ನುತ್ತೇವೆ, ಬೆಟ್ಟದ ಸಾಲನ್ನು ದಾಟಿಸುವ ಇರುಕಿನ ದಾರಿಯನ್ನೂ ಕಣಿವೆಯೆನ್ನುತ್ತೇವೆ. ‘ಕುಂಜುಂ ಕಣಿವೆ’ ಎಂದು ನಾನು ಹೇಳಿದಾಗ, ಅದು ಇಳಿಯುವ ಜಾಗವೆಂದು ಒಬ್ಬ ತರುಣ ಭಾವಿಸಿದ್ದ! ಟಿಬೆಟನ್ ಭಾಷೆಯವರು ಇಂಥ ದಾಟುದಾರಿಗೆ ‘ಲಾ’ ಎಂಬ ಒಂದಕ್ಷರವನ್ನು ಇಟ್ಟುಕೊಂಡು ಸುಖವಾಗಿದ್ದಾರೆ.

ತರುಣರ ಒಲವು ಮನಾಲಿಯ ಕಡೆಗೆ. ದಿನಗಳು ಉಳಿಯುತ್ತವೆ, ಹಣ ಉಳಿಯುತ್ತದೆ, ನಿಜವಾದ ಕಲ್ಲುದಾರಿ ಮೊದಲ ದಿನಗಳಲ್ಲಿಯೇ ಸಿಕ್ಕುತ್ತದೆ ಎಂದು ಅವರ ವಾದ. ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಅವರು ಬಿಡಿಸಿ ಹಾಸುವ ನಕ್ಷೆಯಲ್ಲಿ ಗಾಳಿಯನ್ನು ತೋರಿಸಿಲ್ಲ. ಕುಂಜುಮಿನ ನೆತ್ತಿಯಲ್ಲಿ ವಾಯುವಿನ ಒತ್ತಡ ಕಡಲ ದಡದಲ್ಲಿರುವುದರ ಐದರಲ್ಲಿ ಮೂರು ಪಾಲನ್ನೂ ಮುಟ್ಟುವುದಿಲ್ಲ. ಅಲ್ಲಿ ಒಂದು ಉಸಿರಿಗೆ ದಕ್ಕುವ ಪ್ರಾಣವಾಯು ಆ ಲೆಕ್ಕಕ್ಕೇ ಇಳಿದಿರುತ್ತದೆ. ಪರ್ವತವೈದ್ಯರ ಸಲಹೆಯಂತೆ, 3,000 ಮೀಟರನ್ನು ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲಿಯೇ ನಿಲ್ಲಬೇಕು. ಹಗಲು ಎಷ್ಟು ಎತ್ತರ ಮುಟ್ಟಿದೆವೆಂಬುದಕ್ಕಿಂತ ರಾತ್ರಿ ಎಲ್ಲಿ ತಲೆಯಿಟ್ಟೆವೆಂಬುದು ಮುಖ್ಯ.

ಈ ಅಳತೆಗೋಲನ್ನು ಮನಾಲಿಯ ದಾರಿಗೆ ಇಟ್ಟು ನೋಡಬೇಕು. ಮನಾಲಿ ಇರುವುದು 2,050 ಮೀಟರಿನಲ್ಲಿ. ಅಲ್ಲಿಂದ ಹೊರಟವರು ಮೂರನೆಯ ಅಥವಾ ನಾಲ್ಕನೆಯ ರಾತ್ರಿ ಬಾತಲಿನಲ್ಲಿ, ಹೆಚ್ಚು ಕಡಿಮೆ 4,000 ಮೀಟರಿನಲ್ಲಿ ಮಲಗುತ್ತಾರೆ. ರೋಹ್ತಾಂಗಿನ ಅಡಿಯ ಅಟಲ್ ಸುರಂಗ 2020ರ ಅಕ್ಟೋಬರಿನಲ್ಲಿ ತೆರೆದ ಮೇಲೆ, ಸೈಕಲ್ಲುಗಳನ್ನು ವಾಹನಕ್ಕೇರಿಸಿ ಆಚೆ ಬದಿಗೆ ಒಂದು ತಾಸಿನಲ್ಲಿ ಹೋಗಿಬಿಡೋಣ ಎಂಬ ಸಲಹೆಯೂ ಬಂದಿದೆ. ಅದರಿಂದ ಕಾಲಿಗೆ ಸುಖವುಂಟು. ಆದರೆ ಎತ್ತರಕ್ಕೆ ಹೊಂದಿಕೊಳ್ಳಲು ದೇಹಕ್ಕೆ ಸಿಕ್ಕಬೇಕಾದ ಒಂದೆರಡು ದಿನಗಳೂ ಕೈಬಿಡುತ್ತವೆ. ತಲೆಶೂಲೆ, ವಾಕರಿಕೆ, ನಿದ್ದೆಗೇಡು, ಇವು ಮೊದಲ ಲಕ್ಷಣಗಳು. ಲೆಕ್ಕಿಸದೆ ಮೇಲೇರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಬಾತುಕೊಳ್ಳಬಹುದು. ಆಗಿನ ಮೊದಲ ಚಿಕಿತ್ಸೆಯೆಂದರೆ ತಡಮಾಡದೆ ಕೆಳಗಿಳಿಸುವುದು. ಬಾತಲಿನಿಂದ ಇಳಿಸಬೇಕಾದರೆ ನಡುರಾತ್ರಿಯಲ್ಲಿ, ಹೊಳೆಗಲ್ಲಿನ ಮೇಲೆ, ಹತ್ತಾರು ಕಿಲೋಮೀಟರು ಹೋಗಬೇಕು. ವ್ಯಾಯಾಮ ಮಾಡಿದ ಗಟ್ಟಿ ಶರೀರಕ್ಕೆ ಇದರಿಂದ ವಿನಾಯಿತಿಯಿಲ್ಲ. ಬಲಶಾಲಿಗಳು ಬೇಗ ಏರುವುದರಿಂದ ಕೆಲವೊಮ್ಮೆ ಅವರೇ ಮೊದಲು ಬೀಳುತ್ತಾರೆ.

ಶಿಮ್ಲಾದ ದಾರಿಯ ಗುಣವನ್ನು ಎಷ್ಟು ಹೇಳಿದರೂ ನನಗೆ ಸಾಲದು. ರಾಮಪುರ ಸುಮಾರು 1,000 ಮೀಟರಿನಲ್ಲಿದೆ. ನಮ್ಮ ಚಿಕ್ಕಮಗಳೂರಿನ ಎತ್ತರಕ್ಕೂ ಅದಕ್ಕೂ ಹೆಚ್ಚು ಅಂತರವಿಲ್ಲ. ಅಲ್ಲಿಂದ ಸಟ್ಲೆಜನ್ನು, ಸಂಸ್ಕೃತ ಬಲ್ಲವರು ಶತದ್ರು ಎನ್ನುವ ಆ ನದಿಯನ್ನು, ಎದುರು ಹಿಡಿದು ಹೋಗುವುದು. ರೆಕಾಂಗ್ ಪಿಯೊ 2,290 ಮೀಟರು, ಪೂಹ್ 2,660ರ ಆಸುಪಾಸು. ಖಾಬ್ ಎಂಬಲ್ಲಿ ಸ್ಪಿತಿ ನದಿ ಬಂದು ಸಟ್ಲೆಜನ್ನು ಕೂಡುತ್ತದೆ. ಬೋಳು ಬಂಡೆಗಳ ಇಕ್ಕಟ್ಟಿನಲ್ಲಿ ನಡೆಯುವ ಈ ಸಂಗಮದಿಂದ ಮುಂದೆ ದಾರಿ ಸುತ್ತು ಸುತ್ತಾಗಿ ಮೇಲೇರಿ 3,660 ಮೀಟರಿನ ನಾಕೋ ಮುಟ್ಟುತ್ತದೆ. ಒಂದೇ ದಿನದಲ್ಲಿ ಸಾವಿರ ಮೀಟರಿನ ಏರು. ಅಲ್ಲಿಯೇ ಮಲಗಿದರೆ ತಪ್ಪು. ನಾಕೋದ ಕೆರೆಯ ಬಳಿ ಊಟ ಮಾಡಿ, ಮತ್ತೆ ಇಳಿದು, ಸುಮಾರು 3,000 ಮೀಟರಿನ ಚಾಂಗೋ ಗ್ರಾಮದಲ್ಲಿ ತಂಗಿದರೆ ದೇಹಕ್ಕೆ ಎತ್ತರದ ಪರಿಚಯವೂ ಆಯಿತು, ತಗ್ಗಿನ ನಿದ್ದೆಯೂ ದೊರಕಿತು. ಮರುದಿನ ತಾಬೋ, 3,280 ಮೀಟರು. ಕ್ರಿ. ಶ. 996ರಲ್ಲಿ ಸ್ಥಾಪಿತವಾದ ಮಣ್ಣುಗೋಡೆಯ ವಿಹಾರ ಅಲ್ಲಿದೆ. ಭಿತ್ತಿಚಿತ್ರಗಳನ್ನು ನೋಡುವ ನೆಪದಲ್ಲಿ ಒಂದು ದಿನ ನಿಲ್ಲಬಹುದು. ಆಮೇಲೆ ಕಾಜಾ, 3,650ರ ಸುಮಾರು. ವೈದ್ಯರನ್ನು ಕೇಳಿ ಊರುಗಳನ್ನು ಇಟ್ಟಂತಿದೆ ಈ ದಾರಿ.

ಭೌತಶಾಸ್ತ್ರದ ಮಿತ್ರರ ಆಕ್ಷೇಪವನ್ನು ಮರೆಮಾಚಬಾರದು. ಸಡಿಲ ಕಲ್ಲಿನ ಮೇಲೆ ಹತ್ತುವುದು ಕ್ಷೇಮ, ಇಳಿಯುವುದು ಅಪಾಯ. ಶಿಮ್ಲಾದಿಂದ ಹೋದರೆ ಕುಂಜುಮಿನಿಂದ ಬಾತಲಿಗೆ ಇಳಿಯುವ ಕೆಟ್ಟ ದಾರಿ, ಬ್ರೇಕು ಹಿಡಿದು ಕೈ ಜೋಮು ಹಿಡಿದಿರುವ ಕಾಲಕ್ಕೆ, ಪ್ರಯಾಣದ ಕೊನೆಗೆ ಬರುತ್ತದೆ ಎಂದು ಅವರು ಹೇಳುತ್ತಾರೆ. ಮಾತು ನಿಜವೇ. ಏರಿನಲ್ಲಿ ಚಕ್ರ ಜಾರಿದರೆ ಸೈಕಲ್ ನಿಲ್ಲುತ್ತದೆ, ಇಳಿತದಲ್ಲಿ ಜಾರಿದರೆ ಸವಾರ ಬೀಳುತ್ತಾನೆ. ಆದರೆ ಸೈಕಲಿನಿಂದ ಇಳಿದು ನಡೆಯುವ ಸ್ವಾತಂತ್ರ್ಯ ಎಲ್ಲ ಕಾಲದಲ್ಲಿಯೂ ನಮ್ಮದು. ಬಾತುಕೊಂಡ ಮಿದುಳಿನಿಂದ ಇಳಿದು ನಡೆಯುವ ಉಪಾಯವಿಲ್ಲ. ಛತ್ರು ಮತ್ತು ಬಾತಲಿನ ನಡುವೆ ದಾರಿಗಡ್ಡವಾಗಿ ಹರಿಯುವ ಹಿಮದ ತೊರೆಗಳೂ ಹಾಗೆಯೇ. ಬೆಳಿಗ್ಗೆ ಮೊಣಕಾಲುದ್ದವಿರುವ ನೀರು, ಬಿಸಿಲೇರಿ ಹಿಮ ಕರಗಿದಂತೆ ಮಧ್ಯಾಹ್ನದ ಮೇಲೆ ಉಕ್ಕುತ್ತದೆ. ಬೇಗ ಎದ್ದರಾಯಿತು.

ಇನ್ನೂ ಭಾರವಾದ ಆಕ್ಷೇಪ ಒಂದುಂಟು. ಕಿನ್ನೌರದ ಬೆಟ್ಟಗಳು ಕುಸಿಯುತ್ತವೆ. 2021ರ ಜುಲೈ 25ರಂದು ಸಾಂಗ್ಲಾದ ಹತ್ತಿರ ಬತ್ಸೇರಿಯಲ್ಲಿ ಉರುಳಿದ ಬಂಡೆಗಳಿಗೆ ಸಿಕ್ಕಿ 9 ಪ್ರವಾಸಿಗಳು ಸತ್ತರು. ಆಗಸ್ಟ್ 11ರಂದು ನಿಗುಲ್ಸರಿಯಲ್ಲಿ, ನಾವು ಹೋಗಬೇಕೆಂದಿರುವ ಹೆದ್ದಾರಿಯಲ್ಲಿಯೇ, ಗುಡ್ಡ ಜರಿದು ಬಸ್ಸು ಮುಚ್ಚಿಹೋಗಿ 28 ಜನ ಮಡಿದರು. ಇದನ್ನು ತಿಳಿದೂ ಆ ದಾರಿಯನ್ನು ನಾನು ಹೇಗೆ ಹೊಗಳುತ್ತಿದ್ದೇನೆ? ಮಳೆಗಾಲದ ನಡುವೆ ಹೊರಡುವುದಾದರೆ ಹೊಗಳುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ಮಳೆ ಹಿಂದೆಗೆಯುತ್ತದೆ. ಮಳೆ ಬಿದ್ದ ದಿನ ಊರಿನಲ್ಲಿಯೇ ಕುಳಿತಿರಬಹುದು. ಕಲ್ಲುದುರುವ ಜಾಗವನ್ನು ಬೆಳಗಿನ ಹೊತ್ತು, ಒಬ್ಬೊಬ್ಬರಾಗಿ ದಾಟಬಹುದು. ಇಷ್ಟಾದ ಮೇಲೂ ಅಪಾಯದ ಒಂದು ಪಾಲು ಉಳಿದೇ ಉಳಿಯುತ್ತದೆ. ಮನೆಯವರಿಗೆ ಅದನ್ನು ಬಚ್ಚಿಡದೆ ಹೇಳಿ ಹೊರಡಬೇಕೆಂದು ನಾಲ್ವರಿಗೂ ತಿಳಿಸಿದ್ದೇನೆ.

ಮಹಾಪ್ರಸ್ಥಾನದ ಕಥೆಯನ್ನು ಪಾಠ ಹೇಳುವಾಗಲೆಲ್ಲ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳುತ್ತಾರೆ: ದ್ರೌಪದಿ ಬಿದ್ದಾಗ, ಸಹದೇವ ನಕುಲರು ಬಿದ್ದಾಗ, ಧರ್ಮರಾಯ ಹಿಂದಿರುಗಿ ನೋಡದೆ ನಡೆದದ್ದು ಸರಿಯೇ? ಸ್ವರ್ಗಕ್ಕೆ ಹೊರಟವನ ಮಾತು ಬೇರೆ. ಮರಳಿ ಮನೆಗೆ ಬಂದು ಸೋಮವಾರ ಕೆಲಸಕ್ಕೆ ಹಾಜರಾಗಬೇಕಾದವರು ಆ ಮೇಲ್ಪಂಕ್ತಿಯನ್ನು ಅನುಸರಿಸಲಾಗದು. ಒಬ್ಬರ ತಲೆ ಸಿಡಿಯತೊಡಗಿದರೆ ಆರೂ ಜನ ನಿಲ್ಲಬೇಕು. ಹಾಗೆ ನಿಲ್ಲುವುದಕ್ಕೆ ಊರುಗಳೂ ಬಿಡುವಿನ ದಿನಗಳೂ ಇರುವ ದಾರಿಯೇ ಗುಂಪಿಗೆ ತಕ್ಕ ದಾರಿ.

ಬಿಡುವಿನ ದಿನಗಳು ಎಂದೆ. ತೊಡಕು ಇರುವುದೇ ಅಲ್ಲಿ. ನಾಲ್ವರಲ್ಲಿ ಒಬ್ಬಾಕೆ ಔಷಧದಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ. ರೈಲಿನ ದಿನಗಳನ್ನು ಕಳೆದರೆ ಅವಳ ಕೈಯಲ್ಲಿ ಉಳಿಯುವುದು ಹತ್ತೇ ದಿನ. “ಸರ್, ನನಗಾಗಿ ನೀವೆಲ್ಲ ದಾರಿ ಬದಲಿಸುವುದು ಬೇಡ, ನಾನು ಬರುವುದಿಲ್ಲ” ಎಂದು ಹೇಳಿ ಕಳಿಸಿದ್ದಾಳೆ. ಮನಾಲಿಯ ಪಕ್ಷದವರಿಗೆ ಇದೊಂದು ಬಲವಾದ ಅಸ್ತ್ರವಾಗಿದೆ: ನಿಮ್ಮ ಸುತ್ತುದಾರಿಯಿಂದ ಅವಳು ತಪ್ಪಿಹೋಗುತ್ತಾಳಲ್ಲ!

ನನ್ನ ಉತ್ತರ ಇಷ್ಟು. ಏರುವ ವೇಗವನ್ನು ಹೆಚ್ಚಿಸಿ ದಿನ ಉಳಿಸುವುದು ಬೇಡ, ದಾರಿಯ ಎರಡು ತುದಿಗಳನ್ನು ಕತ್ತರಿಸಿ ಉಳಿಸೋಣ. ಶಿಮ್ಲಾದಿಂದ ರಾಮಪುರದವರೆಗಿನ 130 ಕಿಲೋಮೀಟರು ನಯವಾದ ಹೆದ್ದಾರಿ. ಅದನ್ನು ಬಸ್ಸಿನಲ್ಲಿ ಹೋಗಬಹುದು. ರಾಮಪುರದಿಂದ ಕಾಜಾಕ್ಕೆ, ತಾಬೋದ ಬಿಡುವೂ ಸೇರಿ, ಏಳು ದಿನ. ಅಲ್ಲಿಂದ ರೆಕಾಂಗ್ ಪಿಯೊ ಮಾರ್ಗವಾಗಿ ಸರ್ಕಾರಿ ಬಸ್ಸಿನಲ್ಲಿ ಎರಡು ದಿನಕ್ಕೆ ಶಿಮ್ಲಾ. ಹತ್ತು ದಿನಕ್ಕೆ ಸರಿಹೋಯಿತು. ಕುಂಜುಂ ಮಾತ್ರ ಕೈಬಿಡುತ್ತದೆ.

ಇದಕ್ಕೆ ತರುಣರ ಮುಖ ಬಾಡಿದೆ. ಲಾ ದಾಟದ ಯಾತ್ರೆಯೂ ಒಂದು ಯಾತ್ರೆಯೇ, ಎತ್ತರ ಬರೆದ ಆ ಹಳದಿ ಕಲ್ಲಿನ ಪಕ್ಕ ನಿಂತು ಚಿತ್ರ ತೆಗೆಸಿಕೊಳ್ಳದೆ ಊರಿಗೆ ಮರಳುವುದೇ ಎಂದು ಅವರ ಅಳಲು. ಆರು ಜನ ಹೊರಟು ಆರು ಜನ ನೋಡುವ ತಾಬೋ, ಐದು ಜನ ಏರುವ ಕುಂಜುಮಿಗಿಂತ ನನಗೆ ಹೆಚ್ಚಿನದು. ಹಾಗೆ ಕಾಣದವರು ಕಾಜಾದಿಂದ ಮುಂದಕ್ಕೆ ತಮ್ಮ ಹೊಣೆಯ ಮೇಲೆ ಹೋಗಲಿ. ಅಷ್ಟು ಹೊತ್ತಿಗೆ ಅವರ ರಕ್ತವೂ ಎತ್ತರಕ್ಕೆ ಹದಗೊಂಡಿರುತ್ತದೆ, ನನ್ನ ತಕರಾರಿಲ್ಲ. ಔಷಧದಂಗಡಿಯ ಹುಡುಗಿಗೆ ಈ ಲೆಕ್ಕವನ್ನೆಲ್ಲ ಬರೆದು ಕಳಿಸಿದ್ದೇನೆ. ಬಸ್ಸಿನ ಮಾಡಿನ ಮೇಲೆ ಸೈಕಲ್ ಕಟ್ಟಲು ಎಷ್ಟು ಗಜ ಹಗ್ಗ ಬೇಕೆಂದು ಅವಳು ಕೇಳಿದ್ದಾಳೆ.