ಗಾಳಿ ಹಸನ ಮಾಡೋ ಕೆಲಸಕ್ಕ ಕಿಮ್ಮತ್ತಿಲ್ಲೇನು?

ದೀಪಾವಳಿಗೆ ಅಣ್ಣನ ಮನ್ಯಾಗ ಎಲ್ಲಾರೂ ಕೂಡಿದಾಗ ನಾ ಒಂದು ಮಾತು ಆಡಿದೆ. ಅದು ತಪ್ಪು ಅಂತ ಈಗ ಅನಸ್ಲಿಕ್ಹತ್ತೇದ. ಅವತ್ತು ಅಲ್ಲಿದ್ದವರೆಲ್ಲ ಇದನ್ನ ಓದತೀರಿ, ಅದಕ್ಕ ಇಲ್ಲೇ ಹೇಳಿಬಿಡತೀನಿ.

ಅಣ್ಣನ ಮಗಳು ಎಂ.ಎಸ್ಸಿ. ಕೆಮಿಸ್ಟ್ರಿ ಮುಗಿಸ್ಯಾಳ. "ಅತ್ಯಾ, ನಾ ಮಟೀರಿಯಲ್ ಸೈನ್ಸ್‌ನಾಗ ಪಿಎಚ್‌ಡಿ ಮಾಡ್ತೀನಿ. ಗಾಳ್ಯಾಗಿನ ಕಾರ್ಬನ್ ಡೈಆಕ್ಸೈಡ್ ಹೀರೋ ಪುಡಿ ಮ್ಯಾಲೆ ಕೆಲಸ ಮಾಡಬೇಕಂತ ಆಸೆ ಅದ" ಅಂದ್ಲು. ನಾ ಕರ್ಚಿಕಾಯಿ ತುಂಬಕೋತ, "ಐದು ವರ್ಷ ಪುಡಿ ಕುಟ್ಟಕೋತ ಕೂತ್ರ ಮದುವಿ ಯಾವಾಗ? ಸುಮ್ಮನ ಬ್ಯಾಂಕ್ ಪರೀಕ್ಷಾ ಕಟ್ಟು" ಅಂದೆ. ಎಲ್ಲಾರೂ ನಕ್ಕರು. ಅಕಿ ನಗಲಿಲ್ಲ, ಎದ್ದು ಮಾಳಗಿ ಮ್ಯಾಲೆ ಹೋದ್ಲು.

ಮರುದಿನ ನನ್ನ ಮೊಬೈಲಿಗೆ ಒಬ್ಬ ವಿಜ್ಞಾನಿ ಸುದ್ದಿ ಕಳಿಸಿದ್ಲು. ಓಮರ್ ಯಾಗಿ ಅಂತ ಅವರ ಹೆಸರು. 2025ರ ಕೆಮಿಸ್ಟ್ರಿ ನೊಬೆಲ್ ಜಪಾನಿನ ಸುಸುಮು ಕಿಟಗಾವಾ, ಆಸ್ಟ್ರೇಲಿಯಾದ ರಿಚರ್ಡ್ ರಾಬ್ಸನ್ ಜೋಡಿ ಇವರಿಗೂ ಬಂದದ. ಸಿಟ್ಟಿನ್ಯಾಗ ಕಳಿಸ್ಯಾಳ ಅಂತ ಗೊತ್ತಿತ್ತು. ಆದ್ರೂ ಓದಿದೆ.

ಅವರು ಹುಟ್ಟಿದ್ದು 1965ರಾಗ, ಜೋರ್ಡಾನಿನ ಅಮ್ಮಾನ್ ಊರಾಗ, ಪ್ಯಾಲೆಸ್ಟೈನಿನಿಂದ ಬಂದ ನಿರಾಶ್ರಿತರ ಮನ್ಯಾಗ. ಒಂದ ಖೋಲಿ. ಅದರಾಗ ಹತ್ತು ಹನ್ನೆರಡು ಮಂದಿ, ಜೋಡಿ ದನಕರು. ತಾಯಿಗೆ ಓದು ಬರಹ ಇಲ್ಲ. ನಳದಾಗ ನೀರು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬರೋದು, ಅದೂ ಕೆಲವು ತಾಸು ಅಷ್ಟ. ನೀರು ಬಂತು ಅಂದ್ರ ಈ ಹುಡುಗ ಓಡಿಹೋಗಿ ಇದ್ದಬಿದ್ದ ಪಾತ್ರಿಗೆಲ್ಲ ತುಂಬಬೇಕು. ಹುಬ್ಬಳ್ಳಿ-ಧಾರವಾಡದಾಗ ಸಂಸಾರ ಮಾಡಿದ ನಮಗ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಹತ್ತು ವರ್ಷದಾಗಿದ್ದಾಗ ಲೈಬ್ರರ‍್ಯಾಗ ಒಂದು ಪುಸ್ತಕದಾಗ ಅಣುಗಳ ಚಿತ್ರ ನೋಡಿ ಅದರ ಗುಂಗು ಹತ್ತಿತಂತ. ಹದಿನೈದಕ್ಕ ಅಮೇರಿಕಾಕ್ಕ ಹೋದ್ರು. ಕಿರಾಣಿ ಅಂಗಡ್ಯಾಗ ಗಿರಾಕಿಗಳ ಸಾಮಾನು ಚೀಲಕ್ಕ ತುಂಬಿ, ನೆಲಾ ಒರಸಿ ಕಾಲೇಜು ಕಲತರು. 1990ರಾಗ ಪಿಎಚ್‌ಡಿ ಆತು.

ಈಗ ಅವರ ಕೆಲಸ ಏನು ಅಂತ ನನಗ ತಿಳದಷ್ಟು ಹೇಳತೀನಿ. ಉಪ್ಪಿನ ಡಬ್ಬ್ಯಾಗ ನಾವು ನಾಕು ಅಕ್ಕಿಕಾಳು ಹಾಕಿಡೂದಿಲ್ಲೇನು, ಪಸಿ ಹೀರಲಿ ಅಂತ? ಅಂಥಾದ್ದ ಇದು, ಆದ್ರ ಹೀರೋ ವಸ್ತುನ್ನ ಇವರು ಬೇಕಾದ ಅಳತಿಗೆ ಕಟ್ಟತಾರ. ಲೋಹದ ಗಂಟು, ನಡುವ ಕಾರ್ಬನ್ನಿನ ಕಡ್ಡಿ, ಒಳಗೆಲ್ಲಾ ಕಣ್ಣಿಗೆ ಕಾಣದಷ್ಟು ಸಣ್ಣ ತೂತು. 1999ರಾಗ ಅವರು ಮಾಡಿದ ಒಂದು ಪುಡಿ ಎರಡು ಗ್ರಾಂ ಇದ್ರ, ಅದರೊಳಗಿನ ಗೋಡಿ ಎಲ್ಲಾ ಬಿಡಿಸಿ ಹಾಸಿದ್ರ ಫುಟ್‌ಬಾಲ್ ಮೈದಾನದಷ್ಟು ಆಗತದಂತ!

ಮುಂದ 2024ರಾಗ ಬರ್ಕ್ಲಿ ಯೂನಿವರ್ಸಿಟ್ಯಾಗ ಅವರ ತಂಡ ಇನ್ನೊಂದು ಪುಡಿ ಮಾಡ್ತು, ಸಿಒಎಫ್-999 ಅಂತ. ಹತ್ತು ಸಾವಿರ ಕಾಳಿನಾಗ ನಾಕ ಹಳ್ಳು ಇದ್ರ ಹಸನ ಮಾಡೋದು ಎಷ್ಟು ತ್ರಾಸು, ಗಾಳ್ಯಾಗ ಕಾರ್ಬನ್ ಡೈಆಕ್ಸೈಡ್ ಇರೋದೂ ಅಷ್ಟ. ಈ ಪುಡಿ ಅದನ್ನ ಆರಿಸಿ ಹಿಡೀತದ. 60 ಡಿಗ್ರಿ ಕಾಸಿದ್ರ ಬಿಟ್ಟುಕೊಡತದ. ಮತ್ತ ತಿರುಗಿ ಬಳಸಬಹುದು, ನೂರು ಸಲ ಮಾಡಿ ನೋಡ್ಯಾರ. ಇನ್ನೂರು ಗ್ರಾಂ ಪುಡಿ ವರ್ಷಕ್ಕ ಒಂದು ಗಿಡ ಹೀರಿದಂಗ 20 ಕಿಲೋ ಹೀರತದ ಅಂತ ಅವರ ಲೆಕ್ಕ. ಆ ಕೆಲಸದಾಗ ಮುಂದ ನಿಂತಾಂವ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ. ಅಂದ್ರ ನಾ ನಕ್ಕದ್ದು ಅಂಥಾ ಕೆಲಸಕ್ಕ.

"ಹಂಗಾರ ಗಿಡಾನ ಹಚ್ಚಿದ್ರಾತಲ್ಲ" ಅಂತ ಅಣ್ಣ ಅಂದಾನ. ಹಚ್ಚೋಣು, ಯಾರು ಬ್ಯಾಡಂದ್ರು? ಆದ್ರ ಕಲ್ಲಿದ್ದಲು, ಎಣ್ಣಿ ಸುಟ್ಟು ಜಗತ್ತು ವರ್ಷಕ್ಕ 3,500 ಕೋಟಿ ಟನ್‌ಗಿಂತ ಹೆಚ್ಚು ಈ ಗಾಳಿ ಬಿಡತದ. ಅದಕ್ಕ ಬರೇ ಗಿಡಾನೂ ಸಾಲೂದಿಲ್ಲ, ಬರೇ ಪುಡಿನೂ ಸಾಲೂದಿಲ್ಲ. ನಳ ಬಂದ್ ಮಾಡದ ನೆಲಾ ಒರಸಿದ್ರ ಏನು ಬಂತು? ಮೊದಲು ಹೊಗಿ ಕಡಿಮಿ ಆಗಬೇಕು ಖರೇ. ಆದ್ರ ಈಗಾಗಲೇ ಚೆಲ್ಲಿದ ನೀರು ಯಾರರೆ ಒರಸಲಿಕ್ಕೇ ಬೇಕಲ್ಲ?

ಇನ್ನ ಹೊಟ್ಟಿ ಮಾತು. ನಾನೂ ವಿಚಾರಿಸೇನಿ. ನೆಟ್ ಪರೀಕ್ಷಾದಾಗ ಜೆಆರ್‌ಎಫ್ ಸಿಕ್ಕರ ತಿಂಗಳಿಗೆ 37,000 ರೂಪಾಯಿ ಬರತದ. ಬೆಂಗಳೂರಾಗ ಭಾರತೀಯ ವಿಜ್ಞಾನ ಸಂಸ್ಥೆ ಅದ, ಜಕ್ಕೂರಾಗ ಜವಾಹರಲಾಲ್ ನೆಹರು ಸೆಂಟರ್ ಅದ, ಎರಡೂ ಕಡೆ ಮಟೀರಿಯಲ್ ಸೈನ್ಸ್ ನಡೀತದ. ಬ್ಯಾಂಕಿನಷ್ಟು ಭದ್ರ ಅಲ್ಲ, ಒಪ್ಪತೀನಿ. 1999ರಿಂದ 2024 ಅಂದ್ರ ಇಪ್ಪತ್ತೈದು ವರ್ಷ. ಇದು ಅವಸರದ ಕೆಲಸ ಅಲ್ಲ. ಆದ್ರ ಅಕ್ಷರ ಬರದ ತಾಯಿ ಹದಿನೈದರ ಮಗನ್ನ ಸಮುದ್ರದಾಚೆ ಕಳಿಸಿಕೊಟ್ಟು ಕಾಯಬಹುದು, ಪಿಯುಸಿ ಕಲತ ನಾನು ಬೆಂಗಳೂರಿಗೆ ಹೊಂಟ ಹುಡುಗಿಗೆ ಯಾಕ ಅಡ್ಡ ನಿಂತೆ? ನಮ್ಮಪ್ಪ ನನಗ ಪಿಯುಸಿ ಮುಗಿದ ಮ್ಯಾಲೆ "ಇನ್ನ ಸಾಕು" ಅಂದಿದ್ದ. ಅದ ಮಾತು ನನ್ನ ಬಾಯಾಗ ಬಂತಲ್ಲ ಅಂತ ಎರಡು ದಿನ ನಿದ್ದಿ ಹತ್ತಲಿಲ್ಲ.

ಹುಡುಗಿಗೆ ಫೋನ್ ಮಾಡಿ ತಪ್ಪಾತವ್ವಾ ಅಂದೆ. "ನನಗ ಹೇಳಿ ಏನು ಉಪಯೋಗ ಅತ್ಯಾ, ಅಪ್ಪಗ ಹೇಳು" ಅಂದ್ಲು.

ಅದಕ್ಕ ಅಣ್ಣಾ, ವೈನಿ, ಹೇಳಲಿಕ್ಹತ್ತೇನಿ. ಅಕಿ ಡಿಸೆಂಬರಿನಾಗ ಪರೀಕ್ಷಾಕ್ಕ ಕೂಡತಾಳ. ಅಲ್ಲಿತನಕ ಕನ್ಯಾ ನೋಡೋ ಕಾರ್ಯಕ್ರಮ ಇಟ್ಟುಕೋಬ್ಯಾಡ್ರಿ. ಪಾಸಾದ್ರ ಕಳಸ್ರಿ. ಮಂದಿ ಏನರೆ ಅಂದ್ರ ನನ್ನ ಹೆಸರು ಹೇಳ್ರಿ, ನಾ ಉತ್ತರ ಕೊಡತೀನಿ.