ಹೆಣ್ಣುಮಕ್ಕಳ ಎದೆಯ ಮೇಲೆ ಕನ್ನಡ ಬರಲಿ!



ಮಸ್ಕಿಯ ಬಂಡೆ ನೋಡಿದ್ದೀರಾ? ಅಲ್ಲಿನ ಶಾಸನ 1915ರಲ್ಲಿ ಬೆಳಕಿಗೆ ಬಂದ ಮೇಲೆಯೇ 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂಬುದು ಖಚಿತವಾಯಿತು. ಕೆತ್ತಿದ ಹೆಸರಿಗೆ ಅಷ್ಟು ಬೆಲೆ!

ಈಗ ಮೈದಾನಕ್ಕೆ ಬನ್ನಿ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಇಂಗ್ಲಿಷಿನಲ್ಲೂ 'ಬೆಂಗಳೂರು' ಎಂದೇ ಬರೆದುಕೊಂಡಿತು. ಸರ್ಕಾರ ಹಾಗೆ ಬರೆದದ್ದು 2014ರ ನವೆಂಬರ್ 1ರಿಂದ. ಕ್ರಿಕೆಟ್‌ನ ಆರ್‌ಸಿಬಿಗೆ 'ಬ್ಯಾಂಗಲೂರ್' ಬಿಡಲು 2024 ಬೇಕಾಯಿತು!

ಹೆಣ್ಣುಮಕ್ಕಳ ಫುಟ್‌ಬಾಲ್ ಕಥೆ ಏನು? ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್ ಆಡಿ ಗೋಕುಲಂ ಕೇರಳಕ್ಕೆ ಸೋತಿತು. ಸೋಲು ನಾಚಿಕೆಯಲ್ಲ. ನಮ್ಮ ನಾಡಿನ ಹೆಣ್ಣುಮಕ್ಕಳ ತಂಡ ಫೈನಲ್ ಆಡಿದ್ದು ಸಿಂಧನೂರು, ಲಿಂಗಸುಗೂರಿನ ಎಷ್ಟು ಮನೆಗೆ ಗೊತ್ತು? ಅದು ನಾಚಿಕೆ.

ನಾನು ಪ್ರೆಸ್ಸಿನವನು. ಟೂರ್ನಮೆಂಟ್ ಪೋಸ್ಟರ್ ಎಷ್ಟೋ ಅಚ್ಚು ಹಾಕಿದ್ದೇನೆ. ಹುಡುಗಿಯರ ಫುಟ್‌ಬಾಲ್ ಪೋಸ್ಟರ್ ನನ್ನ ಮಷಿನ್‌ನಿಂದ ಒಂದೂ ಇಳಿದಿಲ್ಲ.

ಮಹಿಳಾ ಕ್ಲಬ್ ಕಟ್ಟುವವರನ್ನು ಕೇಳಿ: ಹೆಸರು ಕನ್ನಡದ್ದಾಗಲಿ. ಲಾಂಛನ, ಟಿಕೆಟ್, ಮೈಕ್ ಎಲ್ಲದರಲ್ಲೂ ಕನ್ನಡವಿರಲಿ. ಆಯ್ಕೆ ಶಿಬಿರ ರಾಯಚೂರು ಜಿಲ್ಲೆಗೂ ಬರಲಿ. ನಮ್ಮ ಹುಡುಗಿಯರಿಲ್ಲದ ತಂಡಕ್ಕೆ ಕನ್ನಡದ ಹೆಸರಿಟ್ಟರೆ, ಅದು ಸರಕಿಲ್ಲದ ಅಂಗಡಿಯ ಬೋರ್ಡು ಅಷ್ಟೇ!

ಬರೀ ಕೂಗಿದರೆ ಸಾಲದು, ತಮ್ಮಂದಿರೇ. ನಿಮ್ಮ ಓಣಿಯ ಮೈದಾನವನ್ನು ಸಂಜೆ ಒಂದು ತಾಸು ತಂಗಿಯರಿಗೆ ಬಿಟ್ಟುಕೊಡಿ. ಹನ್ನೊಂದು ಹುಡುಗಿಯರನ್ನು ಕೂಡಿಸಿ, ಕನ್ನಡದ ಹೆಸರಿಟ್ಟು ನನ್ನಲ್ಲಿಗೆ ಬನ್ನಿ. ಮೊದಲ ಪೋಸ್ಟರಿನ ಕಾಗದ, ಮಸಿ ನನ್ನದು.

ಜೈ ಕರ್ನಾಟಕ!