ಪಾಠಶಾಲೆಯೂ ಪೋಷಕರ ಪ್ರಶ್ನೆಯೂ

ಬೇಸಗೆಯ ರಜೆ ಕಳೆದು, ಮುಂಗಾರು ಹಿಡಿದು, ನಮ್ಮ ಆನವಟ್ಟಿಯ ಸುತ್ತಲಿನ ಪಾಠಶಾಲೆಗಳೆಲ್ಲವೂ ಮತ್ತೆ ಬಾಗಿಲು ತೆರೆಯುವ ಈ ಕಾಲದಲ್ಲಿ, ಗೃಹಸ್ಥರಾದ ನಮ್ಮ ವಾಚಕರೊಡನೆ ಒಂದು ವಿಷಯವನ್ನು ಪ್ರಸ್ತಾಪಿಸಬೇಕೆಂದು ನಮಗೆ ತೋರಿದೆ. ಪ್ರತಿಯೊಂದು ಸರ್ಕಾರಿ ಪ್ರಾಥಮಿಕ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬುದೊಂದಿದೆ. ಜನರ ಬಾಯಲ್ಲಿ ಅದು ಎಸ್.ಡಿ.ಎಂ.ಸಿ. ವಾಚಕರಲ್ಲಿ ಕೆಲವರಾದರೂ ಅದರ ಸದಸ್ಯರಾಗಿರಬಹುದು. ಆಗದವರ ನೆರೆಹೊರೆಯಲ್ಲಿ ಒಬ್ಬರಾದರೂ ಇದ್ದೇ ಇರುವರು. ಸಮಿತಿಯ ಕೆಲಸವೇನೆಂದು ವಿಚಾರಿಸಿದರೆ, ಸ್ವಾತಂತ್ರ್ಯೋತ್ಸವದ ದಿನ ಧ್ವಜದ ಬಳಿ ನಿಲ್ಲುವುದು, ವಾರ್ಷಿಕೋತ್ಸವಕ್ಕೆ ಚಂದಾ ಕೂಡಿಸುವುದು, ಗೋಡೆಗೆ ಸುಣ್ಣ ಬಳಿಸುವುದು, ಇಷ್ಟೇ ಎಂಬ ಉತ್ತರ ಬರುವುದುಂಟು. ಇವು ಬೇಡದ ಕೆಲಸಗಳೆಂದು ನಾವು ಹೇಳುವುದಿಲ್ಲ. ಆದರೆ ಸಮಿತಿಯು ಹುಟ್ಟಿದುದು ಇವುಗಳಿಗಾಗಿ ಅಲ್ಲ.

ಈಚೆಗೆ ಎಲ್ಲರ ಬಾಯಲ್ಲಿಯೂ ಓಡಾಡುತ್ತಿರುವ ‘ಉತ್ತರದಾಯಿತ್ವ’ ಎಂಬ ಶಬ್ದವನ್ನು ತುಸು ಬಿಡಿಸಿ ನೋಡೋಣ. ಉತ್ತರವನ್ನು ಕೊಡತಕ್ಕವನು ಉತ್ತರದಾಯಿ. ಅವನ ಭಾವವೇ ಉತ್ತರದಾಯಿತ್ವ. ಉತ್ತರವೆಂಬುದಾದರೋ ಪ್ರಶ್ನೆಯನ್ನು ಅಪೇಕ್ಷಿಸುತ್ತದೆ. ಕೇಳುವವನೇ ಇಲ್ಲದ ಕಡೆ ಉತ್ತರಿಸುವವನು ಎಲ್ಲಿಂದ ಬರಬೇಕು? ಉಪಾಧ್ಯಾಯರು ಉತ್ತರ ಕೊಡುತ್ತಿಲ್ಲ, ಅಧಿಕಾರಿಗಳು ಉತ್ತರ ಕೊಡುತ್ತಿಲ್ಲವೆಂದು ಜಗಲಿಯ ಮೇಲೆ ಕುಳಿತು ದೂರುವವರು, ಕೇಳಬೇಕಾದ ಸ್ಥಳದಲ್ಲಿ, ಕೇಳಬೇಕಾದ ಕಾಲದಲ್ಲಿ, ಕೇಳಬೇಕಾದ ಪ್ರಶ್ನೆಯನ್ನು ಕೇಳಿದ್ದಾರೆಯೇ ಎಂಬುದನ್ನು ಮೊದಲು ವಿಚಾರಿಸಿಕೊಳ್ಳತಕ್ಕುದು.

ಕೇಳುವ ಈ ಅಧಿಕಾರವು ಪೋಷಕರ ಕೈಗೆ ಸುಲಭವಾಗಿ ಬಂದುದಲ್ಲ. ಹಿಂದಿನ ಮೈಸೂರು ಸಂಸ್ಥಾನದಲ್ಲಿ 1913ರಲ್ಲಿಯೇ ಕಡ್ಡಾಯ ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನಾಯಿತು. 1930ರ ಕಾನೂನಿನಿಂದ ಪ್ರಾಥಮಿಕ ಶಾಲೆಗಳ ಆಡಳಿತವು ಸ್ಥಳೀಯ ವಿದ್ಯಾಮಂಡಲಿಗಳಿಗೆ ಸೇರಿತು; 1941ರಲ್ಲಿ ಸರ್ಕಾರವು ಅದನ್ನು ಮರಳಿ ತಾನೇ ವಹಿಸಿಕೊಂಡಿತು. ಆ ಬಳಿಕ ಬಹುಕಾಲ ಶಾಲೆಯೆಂದರೆ ಇಲಾಖೆಯದು, ಊರಿನವರು ಮಕ್ಕಳನ್ನು ಕಳುಹಿಸುವವರು ಮಾತ್ರ ಎಂಬ ಭಾವನೆಯೇ ಬಲವಾಗಿ ನಿಂತಿತು. ವಿಜ್ಞಾನಿ ರಾಜಾರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯ ಮೇರೆಗೆ 2001ರ ಏಪ್ರಿಲ್ 28ರ ಸರ್ಕಾರಿ ಆದೇಶದಿಂದ ಈಗಿನ ಸಮಿತಿಗಳು ಹುಟ್ಟಿದವು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ 21ನೆಯ ಪ್ರಕರಣವು ಇಂಥ ಸಮಿತಿಯನ್ನು ದೇಶಕ್ಕೆಲ್ಲ ವಿಧಿಸಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಮಕ್ಕಳ ತಾಯಿತಂದೆಗಳು ಅಥವಾ ಪೋಷಕರಾಗಿರಬೇಕು, ಅರ್ಧದಷ್ಟು ಸ್ತ್ರೀಯರಿರಬೇಕು, ದುರ್ಬಲ ವರ್ಗಗಳ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು. ಶಾಲೆಯ ಕಾರ್ಯವನ್ನು ನೋಡಿಕೊಳ್ಳುವುದು, ಅಭಿವೃದ್ಧಿಯ ಯೋಜನೆಯನ್ನು ಸಿದ್ಧಪಡಿಸುವುದು, ಬಂದ ಹಣದ ವಿನಿಯೋಗವನ್ನು ಪರಿಶೀಲಿಸುವುದು, ಇವು ಕಾಯಿದೆಯೇ ಹೇಳಿರುವ ಮೂರು ಮುಖ್ಯ ಕರ್ತವ್ಯಗಳು. ಇವುಗಳಲ್ಲಿ ಹಾರ ತುರಾಯಿಗಳ ಮಾತೆಲ್ಲಿಯೂ ಇಲ್ಲ.

ಹಾಗಾದರೆ ಸಮಿತಿಯು ಏನನ್ನು ಕೇಳಬೇಕು? ತಿಂಗಳಿಗೊಮ್ಮೆ ಕೂಡಿದಾಗ ನಾಲ್ಕು ಪ್ರಶ್ನೆಗಳನ್ನು ಬಿಡದೆ ಕೇಳಿದರೆ ಸಾಕೆಂದು ನಮ್ಮ ಅಭಿಪ್ರಾಯ.

ಮೊದಲನೆಯದು, ಪಾಠವು ಎಷ್ಟು ದಿನ ನಡೆಯಿತು ಎಂಬುದು. ಒಂದರಿಂದ ಐದನೆಯ ತರಗತಿಯವರೆಗೆ ವರುಷಕ್ಕೆ 200 ದಿನ, ಆರರಿಂದ ಎಂಟರವರೆಗೆ 220 ದಿನ ಶಾಲೆ ನಡೆಯತಕ್ಕುದೆಂದು ಕಾಯಿದೆಯ ಅನುಸೂಚಿಯಲ್ಲಿದೆ. ಕೆಳಗಿನ ಐದು ತರಗತಿಗಳಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು ಉಪಾಧ್ಯಾಯರಿರಬೇಕು. ಇಲ್ಲಿ ಒಂದು ಎಚ್ಚರಿಕೆಯ ಮಾತು. ಉಪಾಧ್ಯಾಯರು ಶಾಲೆಯಲ್ಲಿಲ್ಲವೆಂದ ಮಾತ್ರಕ್ಕೆ ಅವರು ಸೋಮಾರಿಗಳೆಂದು ತೀರ್ಮಾನಿಸಬಾರದು. ಜನಗಣತಿ, ಚುನಾವಣೆ, ವಿಪತ್ತುಪರಿಹಾರ, ಇವುಗಳಿಗೆ ಹೊರತು ಬೇರೆ ಕೆಲಸಕ್ಕೆ ಅವರನ್ನು ಎಳೆಯಬಾರದೆಂದು 27ನೆಯ ಪ್ರಕರಣವು ಹೇಳುತ್ತದೆ. ಅವರನ್ನು ಬೇರೆ ಕಡೆಗೆ ಕಳುಹಿಸಿದವರು ಯಾರು, ಏತಕ್ಕಾಗಿ ಎಂದು ಸಮಿತಿಯು ಕೇಳಿದರೆ, ಪ್ರಶ್ನೆಯು ಮುಟ್ಟಬೇಕಾದವರಿಗೆ ಮುಟ್ಟುವುದಲ್ಲದೆ, ನಿಷ್ಠೆಯಿಂದ ದುಡಿಯುವ ಉಪಾಧ್ಯಾಯರಿಗೂ ಬಲ ಬರುವುದು.

ಎರಡನೆಯದು, ಮಗುವು ಏನು ಕಲಿತಿತು ಎಂಬುದು. ನಾಲ್ಕರಲ್ಲಿ ಇದೇ ಶ್ರೇಷ್ಠವಾದುದು. ಕೇಳದೆ ಬಿಟ್ಟುಹೋಗುವುದೂ ಇದೇ. ನಾವು ಓದಿದವರಲ್ಲ, ಇದನ್ನು ಹೇಗೆ ಕೇಳುವುದೆಂದು ಕೆಲವು ತಾಯಂದಿರು ಸಂಕೋಚಪಡುವರು. ಸಂಕೋಚಕ್ಕೆ ಕಾರಣವಿಲ್ಲ. ಎರಡನೆಯ ತರಗತಿಯ ಪುಸ್ತಕದ ಒಂದು ಪುಟವನ್ನು ತೆರೆದು ಐದನೆಯ ತರಗತಿಯ ಮಗುವಿನ ಕೈಗೆ ಕೊಡಲಿ. ಮಗುವು ತಡವರಿಸದೆ ಓದುವುದೋ, ಅಕ್ಷರಕ್ಕೆ ಅಕ್ಷರವನ್ನು ಹುಡುಕಿ ಜೋಡಿಸುವುದೋ ಎಂಬುದನ್ನು ತಿಳಿಯಲು ಓದು ಬಾರದ ಕಿವಿಯೂ ಸಾಕು. ಅಂಗಡಿಯಲ್ಲಿ ನೂರು ರೂಪಾಯಿ ಕೊಟ್ಟು ಅರುವತ್ತೆಂಟರ ಸಾಮಾನು ತಂದರೆ ಹಿಂದಕ್ಕೆ ಬರತಕ್ಕುದೆಷ್ಟೆಂದು ಕೇಳಲಿ. ಇದು ಮಗುವನ್ನು ಅವಮಾನಪಡಿಸುವುದಕ್ಕಲ್ಲ, ಉಪಾಧ್ಯಾಯರನ್ನು ಹಿಡಿದು ನಿಲ್ಲಿಸುವುದಕ್ಕೂ ಅಲ್ಲ; ಹಿಂದುಳಿದ ಮಕ್ಕಳಾರು, ಅವರಿಗೆ ಮುಂದಿನ ತಿಂಗಳು ಏನು ಮಾಡೋಣ ಎಂದು ಕೂಡಿ ಯೋಚಿಸುವುದಕ್ಕೆ. ಮಕ್ಕಳ ಹಾಜರಾತಿಯನ್ನೂ ಕಲಿಕೆಯ ಪ್ರಗತಿಯನ್ನೂ ಪೋಷಕರಿಗೆ ಆಗಾಗ ತಿಳಿಸುವುದು ಉಪಾಧ್ಯಾಯರ ಕರ್ತವ್ಯವೆಂದು 24ನೆಯ ಪ್ರಕರಣವೇ ಹೇಳಿದೆ.

ಮೂರನೆಯದು, ಹಣವೆಷ್ಟು ಬಂದಿತು, ಎಲ್ಲಿಗೆ ಹೋಯಿತು ಎಂಬುದು. ಸಮಗ್ರ ಶಿಕ್ಷಾ ಯೋಜನೆಯ ನಿಯಮದಂತೆ 101ರಿಂದ 250 ಮಕ್ಕಳಿರುವ ಶಾಲೆಗೆ ವರುಷಕ್ಕೆ 50,000 ರೂಪಾಯಿಗಳ ಅನುದಾನವುಂಟು; ಅದರಲ್ಲಿ ಹತ್ತರಲ್ಲೊಂದು ಪಾಲಾದರೂ ಶುಚಿತ್ವಕ್ಕೆ ಸಲ್ಲಬೇಕು. ಈ ಲೆಕ್ಕವು ಪೆಟ್ಟಿಗೆಯೊಳಗಣ ಗುಟ್ಟಾಗಿರಬಾರದು. ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯನ್ನು ನೋಡಿದವರು ಅಲ್ಲಿಯ ಕೇದಾರೇಶ್ವರ ದೇವಾಲಯವನ್ನು ಬಲ್ಲರು. ಅದಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ: ಅಲ್ಲಿ ವೇದಗಳೂ ಹಲವು ವ್ಯಾಕರಣಗಳೂ ದರ್ಶನಗಳೂ ಪಾಠವಾಗುತ್ತಿದ್ದವು, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದವು. ಆ ವಿದ್ಯೆಯು ಎಲ್ಲರಿಗೂ ಎಟಕುತ್ತಿರಲಿಲ್ಲವೆಂಬುದು ನಿಜ. ಆದರೂ ಒಂದು ಪಾಠವು ಗ್ರಾಹ್ಯವಾಗಿದೆ. ಕೊಟ್ಟುದೇನು, ಏತಕ್ಕಾಗಿ ಕೊಟ್ಟುದು ಎಂಬುದನ್ನು ಹಿರಿಯರು ಕಲ್ಲಿನಲ್ಲಿ ಕೊರೆಸಿ ನಾಲ್ವರು ನೋಡುವೆಡೆಯಲ್ಲಿ ನಿಲ್ಲಿಸಿದರು. ಇಂದಿನ ಶಾಲೆಗೆ ಕಲ್ಲು ಬೇಡ. ಜಗಲಿಯ ಕರಿಹಲಗೆಯ ಮೇಲೆ ಬಂದ ಹಣ, ಆದ ಖರ್ಚು, ಉಳಿದ ಶಿಲ್ಕು ಎಂಬ ಮೂರು ಸಾಲುಗಳಿದ್ದರೆ ಸಾಕು. ಸಂಶಯವೆಂಬುದು ಕತ್ತಲೆಯಲ್ಲಿ ಬೆಳೆಯತಕ್ಕುದು.

ನಾಲ್ಕನೆಯದು, ಅನ್ನ, ನೀರು, ಶೌಚಗೃಹಗಳ ಸ್ಥಿತಿ. ಬಿಸಿಯೂಟವನ್ನು ಬಡಿಸುವ ಮುನ್ನ ಹಿರಿಯರು ರುಚಿ ನೋಡಬೇಕೆಂಬ ನಿಯಮವಿದೆ. ತಾಯಂದಿರು ಸರದಿಯಂತೆ ಹೋಗಿ ನೋಡಿದರೆ ಅಡುಗೆಯವರಿಗೂ ಗೌರವ, ಮಕ್ಕಳಿಗೂ ಕ್ಷೇಮ. ನಮ್ಮ ಕಡೆಯ ಮಳೆಗಾಲದಲ್ಲಿ ಹೆಂಚೊಂದು ಜಾರಿದರೆ ಒಂದು ತರಗತಿಯೇ ಮೂಲೆಗೆ ಸರಿಯಬೇಕಾಗುವುದು. ಹೆಣ್ಣುಮಕ್ಕಳ ಶೌಚಗೃಹಕ್ಕೆ ಬಾಗಿಲಿಲ್ಲದಿದ್ದರೆ ದೊಡ್ಡ ಹುಡುಗಿಯರು ಬಾಯಿಬಿಟ್ಟು ಹೇಳದೆ ಶಾಲೆಯನ್ನೇ ಬಿಡುವರು. ಇದನ್ನು ಕೇಳಬಲ್ಲವರು ಸಮಿತಿಯ ಸ್ತ್ರೀ ಸದಸ್ಯರೇ. ಅವರ ಬದಲಿಗೆ ಗಂಡಂದಿರು ಬಂದು ಕುಳಿತುಹೋಗುವ ಪದ್ಧತಿಯು ಎಲ್ಲಿದ್ದರೂ ನಿಲ್ಲತಕ್ಕುದು.

ಕೇಳಿದುದು ಗಾಳಿಗೆ ಹೋಗದಂತೆ ಬರೆದಿಡುವುದು ಮುಂದಿನ ಕೆಲಸ. ಇದಕ್ಕಾಗಿಯೇ ಕಾಯಿದೆಯು ಶಾಲಾಭಿವೃದ್ಧಿಯ ಯೋಜನೆಯನ್ನು ವಿಧಿಸಿದೆ. ಕೊಠಡಿ ಎಷ್ಟು ಬೇಕು, ಉಪಾಧ್ಯಾಯರೆಷ್ಟು ಕೊರತೆ, ಯಾವುದು ಈ ವರುಷ, ಯಾವುದು ಮುಂದಿನ ವರುಷ ಎಂಬುದು ಬರಹದಲ್ಲಿದ್ದು, ಗ್ರಾಮ ಪಂಚಾಯತಿಗೂ ಸೊರಬದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ ಮುಟ್ಟಿ, ಮುಟ್ಟಿದುದಕ್ಕೆ ಗುರುತು ಪಡೆದಿದ್ದರೆ, ಆಗ ಉತ್ತರ ಕೊಡುವ ಹೊಣೆ ಅವರದಾಗುವುದು. ಮಗುವಿನ ಹಕ್ಕಿನ ಬಗೆಗೆ ಬರಹದ ದೂರು ಬಂದರೆ ಸ್ಥಳೀಯ ಪ್ರಾಧಿಕಾರವು ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದು 32ನೆಯ ಪ್ರಕರಣವಿದೆ. ಬಾಯಿಮಾತಿನ ದೂರಿಗೆ ಈ ಬಲವಿಲ್ಲ.

ಕೇಳುವವರೂ ಉತ್ತರ ಕೊಡತಕ್ಕವರೇ ಎಂಬುದನ್ನು ಇಲ್ಲಿ ಮರೆಯಲಾಗದು. ಸಮಿತಿಯು ಉಪಾಧ್ಯಾಯರ ಯಜಮಾನನಲ್ಲ. ಜಾತಿಪಕ್ಷಗಳ ಅಖಾಡವೂ ಅಲ್ಲ. ಅಧ್ಯಕ್ಷಪದವಿಗಾಗಿ ಊರು ಎರಡಾದರೆ ಆ ಒಡಕು ತರಗತಿಯ ಮಣೆಯವರೆಗೂ ಇಳಿಯುವುದು. ನಾಟಿಯ ದಿನಗಳಲ್ಲಿ, ಅಡಕೆ ಸುಲಿಯುವ ದಿನಗಳಲ್ಲಿ ಮಗುವನ್ನು ಮನೆಯಲ್ಲಿ ನಿಲ್ಲಿಸಿಕೊಂಡು, ಶಾಲೆಯಲ್ಲಿ ಏನೂ ಕಲಿಸುವುದಿಲ್ಲವೆಂದು ಆಡುವ ಪೋಷಕರನ್ನು ಸಮಿತಿಯ ಸದಸ್ಯರೇ ಮನೆಗೆ ಹೋಗಿ ಕೇಳಬೇಕು. ಸಭೆಯ ನಡವಳಿಯನ್ನು ಪೋಷಕರೆಲ್ಲರ ಎದುರಿಗೆ ಓದಿ ಹೇಳಬೇಕು.

ಉಳ್ಳವರು ತಮ್ಮ ಮಕ್ಕಳನ್ನು ವ್ಯಾನು ಹತ್ತಿಸಿ ದೂರದ ಶಾಲೆಗೆ ಕಳುಹಿಸುವರು. ಅದು ಅವರ ಇಚ್ಛೆ. ಊರಿನ ಶಾಲೆಯಲ್ಲಿ ಉಳಿಯತಕ್ಕವರು ಹೆಚ್ಚಾಗಿ ಕೂಲಿಯವರ ಮಕ್ಕಳು, ಸಣ್ಣ ಹಿಡುವಳಿಯ ರೈತರ ಮಕ್ಕಳು. ಅವರಿಗೆ ಬೇರೆ ಬಾಗಿಲಿಲ್ಲ. ಮಕ್ಕಳ ಸಂಖ್ಯೆ ಇಳಿಯುತ್ತಿಳಿಯುತ್ತ ಶಾಲೆಗೆ ಬೀಗ ಬೀಳುವ ಹೊತ್ತಿಗೆ ಊರೆಲ್ಲ ಸೇರಿ ಮನವಿ ಬರೆಯುವುದು, ಅಟ್ಟ ಮೇಲೆ ಒಲೆ ಉರಿದಂತೆ. ಹತ್ತು ಮಕ್ಕಳು ಬಿಟ್ಟುಹೋದ ವರುಷವೇ, ಅವರು ಏಕೆ ಹೋದರೆಂದು ಕೇಳತಕ್ಕ ವರುಷ.

ಆದುದರಿಂದ, ವಾಚಕರಲ್ಲಿ ಸದಸ್ಯರಾದವರು ಮುಂದಿನ ಸಭೆಗೆ ಹೋಗುವಾಗ ನಾಲ್ಕರಲ್ಲಿ ಒಂದನ್ನಾದರೂ ಕೇಳಿ, ಬಂದ ಉತ್ತರವನ್ನು ನಡವಳಿಯ ಪುಸ್ತಕದಲ್ಲಿ ಬರೆಯಿಸಿ ಬರಲಿ. ಸದಸ್ಯರಲ್ಲದವರು ಸದಸ್ಯರನ್ನು ಕೇಳಲಿ. ಎರಡನೆಯ ತರಗತಿಯ ಪುಸ್ತಕದ ಆ ಒಂದು ಪುಟವನ್ನು ಮನೆಯಲ್ಲಿಯೇ, ಈ ಹೊತ್ತಿನ ಸಂಜೆಯೇ, ಮಗುವಿನಿಂದ ಓದಿಸಿ ಕೇಳಲು ಯಾವ ಆದೇಶವೂ ಬೇಕಾಗಿಲ್ಲ.